ಒಳ್ಳೆಯ ನಡತೆಗೆ ಬಹುಮಾನ: ಆಟಿಕೆ ಕೊಳ್ಳದೆ ಮಕ್ಕಳನ್ನು ಮೆಚ್ಚುವ ದಾರಿ

"ಪುಸ್ತಕ ಎಲ್ಲ ಜೋಡಿಸಿಟ್ಟರೆ ಏನು ಕೊಡ್ತೀಯಮ್ಮಾ?"

ನನ್ನ ಮಗಳು ಹೀಗೆ ಕೇಳಿದಾಗ ಅವಳಿಗೆ ಆರು ವರ್ಷ. ಕೇಳಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಹಾಗೆ ಕೇಳುವುದನ್ನು ನಾನೇ ಕಲಿಸಿದ್ದೆ. ಅಳದೆ ಇಂಜೆಕ್ಷನ್ ಹಾಕಿಸಿಕೊಂಡರೆ ಗೊಂಬೆ, ತಮ್ಮನ ಜೊತೆ ಜಗಳ ಆಡದಿದ್ದರೆ ಪುಟಾಣಿ ಕಾರು. ಮೊದಮೊದಲು ಪೊಟ್ಟಣ ಕಂಡರೆ ಕುಣಿದಾಡುತ್ತಿದ್ದಳು. ಬರುಬರುತ್ತಾ ಬಿಚ್ಚಿ, ಎರಡು ನಿಮಿಷ ತಿರುಗಿಸಿ ನೋಡಿ, ಪಕ್ಕಕ್ಕಿಟ್ಟು, "ಇನ್ನೇನಿದೆ?" ಅನ್ನತೊಡಗಿದಳು. ಬುಟ್ಟಿಯಲ್ಲಿ ಆಟಿಕೆ ಜಾಸ್ತಿಯಾಯಿತು. ನಡತೆ ಇದ್ದಲ್ಲೇ ಇತ್ತು.

ಆಮೇಲೆ ನಾವು ಬಹುಮಾನ ಕೊಡುವ ರೀತಿಯನ್ನೇ ಬದಲಿಸಿದೆವು. ಬಹುಮಾನ ನಿಲ್ಲಿಸಲಿಲ್ಲ. ಒಳ್ಳೆಯ ಕೆಲಸ ಮಾಡಿದ ಮಗುವಿಗೆ ಮೊದಲು ಬೇಕಾಗಿರುವುದು, ಅದನ್ನು ಮನೆಯವರು ಕಂಡರು ಅನ್ನುವ ಖಾತ್ರಿ. 'ನೀನು ಮಾಡಿದ್ದನ್ನ ನಾನು ನೋಡಿದೆ' ಅಂತ ಹೇಳಲು ಪುರುಸೊತ್ತಿಲ್ಲದಾಗ ನಾವು ಒಂದು ಆಟಿಕೆ ತಂದು ಕೈಗಿಡುತ್ತೇವೆ. ಅದನ್ನು ಬಾಯಿಬಿಟ್ಟು ಹೇಳಿದರೆ, ಜೊತೆಗೆ ಒಂದಿಷ್ಟು ಸಮಯ ಕೊಟ್ಟರೆ, ಆಟಿಕೆಯ ಕೆಲಸ ಬಹುಪಾಲು ಮುಗಿಯುತ್ತದೆ. ಇದನ್ನು ಮನೆಯಲ್ಲಿ ಹೇಗೆ ಮಾಡುವುದು ಅಂತ ಹಂತಹಂತವಾಗಿ ಬರೆಯುತ್ತಿದ್ದೇನೆ. ಸುಮಾರು ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು, ಆಟಿಕೆ ಯಾಕೆ ಬೇಗ ಸಪ್ಪೆಯಾಗುತ್ತದೆ

ಹೊಸ ವಸ್ತುವಿನ ಖುಷಿ ಬೇಗ ಇಳಿಯುತ್ತದೆ. ದೊಡ್ಡವರಿಗೂ ಹಾಗೇ ಅಲ್ವಾ? ಹಿಂದಿನ ಸಲದಷ್ಟೇ ಖುಷಿ ಬೇಕಾದರೆ ಈ ಸಲದ ಆಟಿಕೆ ಇನ್ನೂ ದೊಡ್ಡದಾಗಿರಬೇಕು. ಜೊತೆಗೆ ರಾಶಿ ಬೆಳೆದಷ್ಟೂ ಆಟ ಕಮ್ಮಿಯಾಗುತ್ತದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ಒಂದೂವರೆ ವರ್ಷದಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಗಮನಿಸಿ 2018ರಲ್ಲಿ ಒಂದು ವರದಿ ಪ್ರಕಟಿಸಿದರು. ಒಮ್ಮೆ ಕೋಣೆಯಲ್ಲಿ 4 ಆಟಿಕೆ ಇಟ್ಟರು, ಇನ್ನೊಮ್ಮೆ 16 ಇಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು ಆಡಿದರು. ಆಡುವ ಬಗೆಗಳೂ ಹೆಚ್ಚಿದ್ದವು.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಹಳೆಯ ಪ್ರಯೋಗ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಬಣ್ಣದ ಪೆನ್ನು ಹಿಡಿದು ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬರೆದರೆ ಬಹುಮಾನ ಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಮೊದಲು ಏನೂ ಹೇಳದೆ, ಬರೆದು ಮುಗಿದ ಮೇಲೆ ಅದೇ ಪತ್ರ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನ ಸಿಗುತ್ತದೆ ಅಂತ ಮೊದಲೇ ಕೇಳಿದ್ದ ಮಕ್ಕಳು ಬಿಡುವಿನ ಹೊತ್ತಿನಲ್ಲಿ ಚಿತ್ರ ಬರೆಯುವುದು ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಏನೂ ಹೇಳದೆ ಕೊಟ್ಟ ಮಕ್ಕಳಲ್ಲಿ ಅಂಥ ಇಳಿಕೆ ಇರಲಿಲ್ಲ.

ಇಲ್ಲಿ ಕೊಟ್ಟಿದ್ದು ಆಟಿಕೆಯಲ್ಲ, ಒಂದು ಕಾಗದ. ಅಂದರೆ ತೊಂದರೆ ಬರೀ ಆಟಿಕೆಯದ್ದಲ್ಲ. 'ನೀನು ಇದು ಮಾಡು, ನಾನು ಅದು ಕೊಡ್ತೀನಿ' ಅನ್ನುವ ವ್ಯಾಪಾರದ್ದು. ಆಟಿಕೆ ಬಿಟ್ಟು ಅದೇ ವ್ಯಾಪಾರವನ್ನು ಬೇರೆ ವಸ್ತುವಿನಲ್ಲಿ ಮುಂದುವರಿಸಿದರೆ ಉಪಯೋಗವಿಲ್ಲ. ಮುಂದಿನ ಹಂತಗಳನ್ನು ಓದುವಾಗ ಇದೊಂದು ನೆನಪಿರಲಿ.

ಹಂತ 1: ಒಂದೇ ಒಂದು ಅಭ್ಯಾಸ ಆರಿಸಿ

'ಒಳ್ಳೆ ಹುಡುಗನಾಗಿರು' ಅಂದರೆ ಮಗುವಿಗೆ ಏನೂ ಅರ್ಥವಾಗುವುದಿಲ್ಲ. ಕಣ್ಣಿಗೆ ಕಾಣುವ ಒಂದು ಕೆಲಸ ಹೇಳಿ. 'ಊಟ ಆದ ಮೇಲೆ ತಟ್ಟೆ ಎತ್ತಿಡು.' 'ಆಡಿ ಮುಗಿದ ಮೇಲೆ ಬ್ಲಾಕ್‌ಗಳನ್ನ ಡಬ್ಬಿಗೆ ಹಾಕು.' 'ಕೋಪ ಬಂದಾಗ ಹೊಡೆಯದೆ ಬಾಯಲ್ಲಿ ಹೇಳು.' 'ಬೇಡ' ಅನ್ನುವುದರ ಬದಲು ಏನು ಬೇಕು ಅಂತ ಹೇಳುವುದು ಮುಖ್ಯ. 'ಕಿರುಚಬೇಡ' ಅಂದರೆ ಮಗು ಏನು ಮಾಡಬಾರದು ಅಂತ ಗೊತ್ತಾಯಿತು. ಏನು ಮಾಡಬೇಕು? 'ಮೆಲ್ಲಗೆ ಮಾತಾಡು' ಅಂದರೆ ಅದು ಗೊತ್ತಾಗುತ್ತದೆ. ಮಗು ಮೆಲ್ಲಗೆ ಮಾತಾಡಿದ ಕ್ಷಣ ನೀವು ಮೆಚ್ಚಲೂ ಬಹುದು. ಕಿರುಚದೆ ಇದ್ದ ಕ್ಷಣವನ್ನು ಹಿಡಿಯುವುದು ಕಷ್ಟ.

ಒಂದು ಸಲಕ್ಕೆ ಒಂದೇ. ಎರಡು ಮೂರು ವಾರ ಅದೊಂದೇ. ಬಾಕಿ ತರಲೆಗಳನ್ನು ಅಷ್ಟು ದಿನ ಆದಷ್ಟು ಮಟ್ಟಿಗೆ ನೋಡಿಯೂ ನೋಡದಂತೆ ಬಿಡಿ.

ಹಂತ 2: ಕಂಡಿದ್ದನ್ನು ಕಂಡ ಹಾಗೆ ಹೇಳಿ

ಇದೇ ಎಲ್ಲದಕ್ಕಿಂತ ದೊಡ್ಡ ಬಹುಮಾನ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಮ್ಮ ಬಾಯಲ್ಲಿ ಸಾಮಾನ್ಯವಾಗಿ ಬರುವುದು 'ಗುಡ್ ಬಾಯ್', 'ಜಾಣೆ', 'ಸೂಪರ್'. ಕೇಳಲು ಚೆನ್ನಾಗಿದೆ. ಆದರೆ ಮಗುವಿಗೆ ತಾನು ಏನು ಮಾಡಿದ್ದಕ್ಕೆ ಈ ಮಾತು ಸಿಕ್ಕಿತು ಅಂತ ಗೊತ್ತಾಗುವುದಿಲ್ಲ. ಬದಲಿಗೆ ನೀವು ಕಂಡಿದ್ದನ್ನೇ ಹೇಳಿ:

"ಪುಟ್ಟಾ, ತಮ್ಮ ನಿನ್ನ ಗೋಪುರ ಬೀಳಿಸಿದ. ನಿಂಗೆ ಅಳು ಬಂತು. ಆದ್ರೂ ಹೊಡೀಲಿಲ್ಲ, ನನ್ನ ಕರೆದೆ. ನಾನು ನೋಡಿದೆ."

"ಚಪ್ಪಲಿ ಎರಡೂ ಜೋಡಿಸಿಟ್ಟಿದೀಯ. ನಾನು ಹೇಳಿರಲೇ ಇಲ್ಲ."

"ಆ ಲೆಕ್ಕ ಮೂರು ಸಲ ತಪ್ಪಾಯ್ತು. ನಾಲ್ಕನೇ ಸಲ ಬೇರೆ ತರ ಮಾಡಿ ನೋಡ್ದೆ ಅಲ್ವಾ?"

ಇದರಲ್ಲಿ 'ಒಳ್ಳೆಯದು' ಅನ್ನುವ ಪದವೇ ಇಲ್ಲ, ಗಮನಿಸಿ. ಆದರೂ ಕೇಳಿದ ಮಗುವಿನ ಮುಖ ಅರಳುತ್ತದೆ. ತಾನು ಮಾಡಿದ ಕಷ್ಟವನ್ನು ಯಾರೋ ಕೂಡಿಸಿ ಲೆಕ್ಕ ಇಟ್ಟಿದ್ದಾರೆ ಅನ್ನುವ ಖುಷಿ ಅದು.

ಏನನ್ನು ಮೆಚ್ಚುತ್ತೇವೆ ಅನ್ನುವುದೂ ಮುಖ್ಯ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಅಧ್ಯಯನಗಳನ್ನು ಪ್ರಕಟಿಸಿದರು. ಒಂದು ಸುಲಭದ ಒಗಟಿನ ಸುತ್ತು ಮುಗಿದ ಮೇಲೆ ಕೆಲವರಿಗೆ 'ನೀನು ಬುದ್ಧಿವಂತ' ಅಂದರು. ಕೆಲವರಿಗೆ 'ತುಂಬಾ ಶ್ರಮಪಟ್ಟಿದ್ದೀಯ' ಅಂದರು. ಆಮೇಲೆ ಎಲ್ಲರಿಗೂ ಕಷ್ಟದ ಒಗಟು ಕೊಟ್ಟರು. ಬುದ್ಧಿವಂತರು ಅನ್ನಿಸಿಕೊಂಡ ಮಕ್ಕಳಿಗೆ ಮುಂದುವರಿಸುವ ಆಸೆ ಕಮ್ಮಿಯಾಯಿತು, ಆಮೇಲೆ ಮತ್ತೆ ಸುಲಭದ ಒಗಟು ಕೊಟ್ಟಾಗ ಅವರ ಅಂಕವೂ ಇಳಿಯಿತು. ಶ್ರಮಕ್ಕೆ ಮೆಚ್ಚುಗೆ ಪಡೆದವರಿಗೆ ಇನ್ನೂ ಮಾಡುವ ಆಸೆ ಉಳಿದಿತ್ತು. ಬುದ್ಧಿವಂತ ಅನ್ನುವುದು ಉಳಿಸಿಕೊಳ್ಳಬೇಕಾದ ಹೆಸರು. ಸೋತರೆ ಆ ಹೆಸರು ಹೋಗುತ್ತದೆ. ಶ್ರಮ ಹಾಗಲ್ಲ, ಅದನ್ನು ನಾಳೆಯೂ ಮಾಡಬಹುದು.

ಹೇಳುವಾಗ ಕೆಲವು ವಿಷಯ ನೋಡಿಕೊಳ್ಳಿ.

ತಡ ಮಾಡಬೇಡಿ. ಎರಡು ಮೂರು ವರ್ಷದ ಮಗುವಿಗೆ ಬೆಳಗ್ಗೆ ಮಾಡಿದ್ದನ್ನು ಸಂಜೆ ಹೊಗಳಿದರೆ ಕೊಂಡಿಯೇ ಸಿಗುವುದಿಲ್ಲ. ಆಗಲೇ, ಅಲ್ಲೇ ಹೇಳಿ. ಹತ್ತಿರ ಹೋಗಿ, ಬಗ್ಗಿ, ಕಣ್ಣು ನೋಡಿ ಹೇಳಿ. ಅಡುಗೆಮನೆಯಿಂದ ಕೂಗಿ ಹೇಳಿದ ಮಾತಿಗೂ ಭುಜದ ಮೇಲೆ ಕೈಯಿಟ್ಟು ಹೇಳಿದ ಮಾತಿಗೂ ತುಂಬಾ ವ್ಯತ್ಯಾಸವಿದೆ.

ಮಾತಿಗೆ ಬಾಲ ಸೇರಿಸಬೇಡಿ. 'ಇವತ್ತು ಬೇಗ ಎದ್ದೆ. ದಿನಾ ಹೀಗೇ ಎದ್ದರೆ ಏನು ಕಷ್ಟ?' ಇದರಲ್ಲಿ ಮೊದಲ ಅರ್ಧ ಬಹುಮಾನ, ಎರಡನೇ ಅರ್ಧ ಬೈಗುಳ. ಮಗುವಿಗೆ ನೆನಪುಳಿಯುವುದು ಎರಡನೆಯದು. ನನಗೆ ತುಂಬಾ ದಿನ ಇದನ್ನು ಬಿಡಲು ಆಗಲಿಲ್ಲ. ಕೊನೆಗೆ, ಮೆಚ್ಚಿ ಹೇಳಿದ ತಕ್ಷಣ ಬಾಯಿ ಮುಚ್ಚಿ ಅಲ್ಲಿಂದ ಎದ್ದು ಹೋಗುವ ಅಭ್ಯಾಸ ಮಾಡಿಕೊಂಡೆ. ಅದು ಕೆಲಸ ಮಾಡಿತು.

ಹೋಲಿಸಬೇಡಿ. 'ಅಕ್ಕನಿಗಿಂತ ನೀನೇ ವಾಸಿ' ಅಂದರೆ ಒಬ್ಬರಿಗೆ ಬಹುಮಾನ, ಇನ್ನೊಬ್ಬರಿಗೆ ಶಿಕ್ಷೆ.

ಇನ್ನು ಕೆಲವು ಮಕ್ಕಳಿಗೆ ಎಲ್ಲರ ಎದುರು ಹೊಗಳಿದರೆ ಮುಜುಗರ. ನನ್ನ ಮಗ ಹಾಗೆ. ಮುಖ ಕೆಂಪಾಗಿ ಕೋಣೆಗೆ ಓಡಿಬಿಡುತ್ತಾನೆ. ಅಂಥವರಿಗೆ ಕಿವಿಯಲ್ಲಿ ಹೇಳಿ. ಇಲ್ಲವೇ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಅವರ ಪುಸ್ತಕದೊಳಗೆ ಇಡಿ. ಓದಲು ಬಾರದ ಮಗುವಾದರೆ ಸಣ್ಣ ಚಿತ್ರ ಬರೆದಿಡಿ. ಮಗು ಕೇಳಿಸಿಕೊಳ್ಳುವ ಹಾಗೆ ಬೇರೆಯವರ ಹತ್ತಿರ ಹೇಳುವುದೂ ಒಳ್ಳೆಯ ಉಪಾಯ. ಪಕ್ಕದ ಕೋಣೆಯಲ್ಲಿ ಮಗು ಆಡುತ್ತಿರುವಾಗ ಅಜ್ಜಿಗೆ ಫೋನ್ ಮಾಡಿ, "ಅತ್ತೇ, ಇವತ್ತು ಇವನು ಏನು ಮಾಡ್ದ ಗೊತ್ತಾ?" ಅಂತ ಶುರು ಮಾಡಿ. ಆಟದ ಸದ್ದು ತಾನಾಗಿ ನಿಲ್ಲುತ್ತದೆ.

ಹಂತ 3: ಹತ್ತು ನಿಮಿಷ, ಮಗುವಿನ ಇಷ್ಟದಂತೆ

ಪೋಷಕರು ಮತ್ತು ಮಕ್ಕಳ ಸಂಬಂಧ ಸರಿಪಡಿಸಲೆಂದೇ ಶೀಲಾ ಐಬರ್ಗ್ ಎಂಬ ಅಮೆರಿಕದ ಮನೋವಿಜ್ಞಾನಿ 1970ರ ದಶಕದಲ್ಲಿ ಒಂದು ಚಿಕಿತ್ಸಾ ಕ್ರಮ ರೂಪಿಸಿದರು. ಅದರಲ್ಲಿ ಪೋಷಕರಿಗೆ ದಿನವೂ ಒಂದು ಮನೆಕೆಲಸ ಇರುತ್ತದೆ. ಐದು ನಿಮಿಷ ಮಗುವಿನ ಜೊತೆ ಆಡಬೇಕು, ಆಟದ ಲಗಾಮು ಮಗುವಿನ ಕೈಯಲ್ಲಿರಬೇಕು. ಅಷ್ಟೇ. ದೊಡ್ಡವರು ಅಪ್ಪಣೆ ಕೊಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ತಪ್ಪು ಹುಡುಕುವಂತಿಲ್ಲ. ಮಗು ಮಾಡುತ್ತಿರುವುದನ್ನು ಮಾತಿನಲ್ಲಿ ವರ್ಣಿಸಬೇಕು, ಮಗು ಹೇಳಿದ್ದನ್ನು ತಿರುಗಿ ಹೇಳಬೇಕು, ಮೆಚ್ಚಬೇಕು.

ಓದುವಾಗ ಸುಲಭ ಅನ್ನಿಸುತ್ತದೆ. ಮಾಡಿ ನೋಡಿ. 'ಇದು ಯಾವ ಬಣ್ಣ?' 'ಆ ಕಡೆ ಇಡಬಾರದಾ?' ಅನ್ನುವ ಮಾತು ನಾಲಿಗೆ ತುದಿಗೆ ಬಂದುಬಿಡುತ್ತದೆ. ಮಗು ಕುದುರೆಗೆ ಹಸಿರು ಬಣ್ಣ ಹಚ್ಚಿದರೆ ಸುಮ್ನೆ 'ಹಸಿರು ಕುದುರೆ' ಅನ್ನಿ.

ಮನೆಯಲ್ಲಿ ಇದನ್ನು ಹತ್ತು ನಿಮಿಷ ಮಾಡಬಹುದು. ಫೋನನ್ನು ಬೇರೆ ಕೋಣೆಯಲ್ಲಿಡಿ, ಕೈಯಲ್ಲಿ ಬೇಡ, ಜೇಬಿನಲ್ಲೂ ಬೇಡ. ಒಂದು ಹೆಸರಿಡಿ, 'ನಮ್ಮ ಟೈಮ್' ಅಂತಲೋ ಏನೋ. ಟೈಮರ್ ಹಾಕಿ, ಅದು ಬಾರಿಸಿದಾಗ ಮುಗಿಸಿ, "ನಾಳೆ ಮತ್ತೆ" ಅನ್ನಿ.

ಇಲ್ಲಿ ಒಂದು ಎಚ್ಚರ. ದಿನದ ಈ ಹತ್ತು ನಿಮಿಷವನ್ನು ಯಾವತ್ತೂ ಕಿತ್ತುಕೊಳ್ಳಬೇಡಿ. ಮಗು ಎಷ್ಟೇ ಹಟ ಮಾಡಿದ ದಿನವಾದರೂ ಅದು ಇರಲಿ. ಇದು ಸಂಪಾದಿಸಬೇಕಾದ ಸಂಬಳವಲ್ಲ, ಮಗುವಿನ ಹಕ್ಕು. ಬಹುಮಾನವಾಗಿ ಕೊಡಬೇಕಾದದ್ದು ಅದರ ಮೇಲಿನ ಹೆಚ್ಚುವರಿ ಹೊತ್ತು. "ನೀನು ಆಟದ ಸಾಮಾನೆಲ್ಲ ಬೇಗ ಎತ್ತಿಟ್ಟೆಯಲ್ಲ, ನಂಗೆ ಕಾಲು ಗಂಟೆ ಉಳೀತು. ಈಗ ಏನು ಮಾಡೋಣ ಹೇಳು." ಈ ಮಾತು ನನಗೆ ತುಂಬಾ ಇಷ್ಟ. ಇದರಲ್ಲಿ ವ್ಯಾಪಾರವಿಲ್ಲ. ಮಗು ಮಾಡಿದ ಕೆಲಸದಿಂದ ನಿಜವಾಗಿ ಸಮಯ ಉಳಿಯಿತು, ಉಳಿದ ಸಮಯ ಮಗುವಿಗೇ ಸಿಕ್ಕಿತು.

ಹಂತ 4: ಮಗುವಿನ ಕೈಗೆ ನಿರ್ಧಾರ ಕೊಡಿ

ಮಕ್ಕಳ ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಯೋಚಿಸಿ ನೋಡಿ. ಯಾವಾಗ ಏಳಬೇಕು, ಏನು ಹಾಕಿಕೊಳ್ಳಬೇಕು, ಎಲ್ಲಿಗೆ ಹೋಗಬೇಕು, ಎಲ್ಲವನ್ನೂ ಬೇರೆಯವರೇ ಹೇಳುತ್ತಾರೆ. ಹಾಗಾಗಿ ಒಂದು ಸಣ್ಣ ನಿರ್ಧಾರ ಕೈಗೆ ಸಿಕ್ಕರೂ ಅವರಿಗೆ ದೊಡ್ಡ ಹಬ್ಬ.

ನಮ್ಮ ಮನೆಯಲ್ಲಿ ನಡೆದಿರುವ ಕೆಲವು: ಇವತ್ತು ಮಲಗುವ ಮುಂಚಿನ ಕಥೆಯನ್ನು ನೀನೇ ಆರಿಸು, ಎರಡು ಕಥೆಯಾದರೂ ಸರಿ. ವಾಕಿಂಗ್ ಹೋಗುವ ದಾರಿ ನೀನು ಹೇಳಿದ ಕಡೆಗೆ. ಇವತ್ತು ಊಟಕ್ಕೆ ಯಾರು ಎಲ್ಲಿ ಕೂರಬೇಕು ಅಂತ ನೀನು ಹೇಳು. ಕಾಲ್ಚೀಲ ಒಂದು ಕೆಂಪು, ಒಂದು ನೀಲಿ ಹಾಕಿಕೊಳ್ಳಬಹುದು. ಬೆಡ್‌ಶೀಟಿನಲ್ಲಿ ಡೇರೆ ಕಟ್ಟಿ ಇವತ್ತು ರಾತ್ರಿ ಅದರೊಳಗೇ ಮಲಗಬಹುದು. ಹದಿನೈದು ನಿಮಿಷ ತಡವಾಗಿ ಮಲಗಬಹುದು. ಅಪ್ಪನಿಗೆ ನೀನೇ ಪಾಠ ಹೇಳು, ಅಪ್ಪ ವಿದ್ಯಾರ್ಥಿ. ಈ ಕೊನೆಯದು ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಬೇಡಿಕೆಯಲ್ಲಿರುವುದು.

ಏಳೆಂಟು ದಾಟಿದ ಮಕ್ಕಳಿಗೆ ಇದಕ್ಕಿಂತ ದೊಡ್ಡದೊಂದು ಬಹುಮಾನವಿದೆ. ಅದು ನಂಬಿಕೆ. "ಎರಡು ವಾರದಿಂದ ನೀನು ಹೇಳಿದ ಟೈಮಿಗೆ ಮನೆಗೆ ಬರ್ತಾ ಇದೀಯ. ಇನ್ಮೇಲೆ ಗೇಟಿನ ಬೀಗದ ಕೈ ನಿನ್ನ ಹತ್ರಾನೇ ಇರ್ಲಿ." ಗಿಡಗಳಿಗೆ ನೀರು ಹಾಕುವ ಜವಾಬ್ದಾರಿ, ತಂಗಿಗೆ ಕಥೆ ಓದಿ ಹೇಳುವ ಜವಾಬ್ದಾರಿ, ನಿಜವಾದ ಸ್ಕ್ರೂಡ್ರೈವರ್ ಹಿಡಿದು ಕುರ್ಚಿ ಸರಿಮಾಡುವ ಅವಕಾಶ. ದೊಡ್ಡವರಿಗೆ ಕೆಲಸ ಅನ್ನಿಸುವುದು ಈ ವಯಸ್ಸಿನ ಮಗುವಿಗೆ ಗೌರವ ಅನ್ನಿಸುತ್ತದೆ.

ನಿಮ್ಮ ಮಗುವಿಗೆ ಯಾವುದು ಬಹುಮಾನ ಅನ್ನುವುದನ್ನು ಬೇರೆ ಮನೆಯ ಪಟ್ಟಿ ನೋಡಿ ತೀರ್ಮಾನಿಸಬೇಡಿ. ಡೇವಿಡ್ ಪ್ರೆಮ್ಯಾಕ್ ಎಂಬ ಮನೋವಿಜ್ಞಾನಿ 1959ರಲ್ಲಿ ಒಂದನೇ ತರಗತಿ ವಯಸ್ಸಿನ ಮಕ್ಕಳ ಮುಂದೆ ಎರಡು ಯಂತ್ರ ಇಟ್ಟರು. ಒಂದು ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಆಟ, ಇನ್ನೊಂದು ಮಿಠಾಯಿ ಕೊಡುವ ಯಂತ್ರ. ಆಟವನ್ನೇ ಹೆಚ್ಚು ಇಷ್ಟಪಟ್ಟ ಮಕ್ಕಳಿಗೆ 'ಮೊದಲು ಮಿಠಾಯಿ ತಿಂದರೆ ಆಮೇಲೆ ಆಟ' ಅಂದಾಗ, ಅವರು ಮಿಠಾಯಿಯನ್ನು ಮೊದಲಿಗಿಂತ ಜಾಸ್ತಿ ತಿಂದರು. ಅಂದರೆ ಎಲ್ಲರಿಗೂ ಬಹುಮಾನ ಅಂದುಕೊಂಡ ಮಿಠಾಯಿ ಆ ಮಕ್ಕಳಿಗೆ ಮುಗಿಸಬೇಕಾದ ಕೆಲಸವಾಗಿತ್ತು. ಯಾರೂ ಹೇಳದೆ ಬಿಟ್ಟರೆ ನಿಮ್ಮ ಮಗು ಏನು ಮಾಡುತ್ತಾ ಕೂರುತ್ತದೆ? ಮೂರು ದಿನ ಗಮನಿಸಿ, ಬರೆದಿಟ್ಟುಕೊಳ್ಳಿ. ನಿಮ್ಮ ಬಹುಮಾನದ ಪಟ್ಟಿ ಅದೇ.

ಇದರಿಂದಲೇ ದಿನನಿತ್ಯಕ್ಕೆ ಒಂದು ಸುಲಭದ ಸೂತ್ರವೂ ಸಿಗುತ್ತದೆ. ಮೊದಲು ಇದು, ಆಮೇಲೆ ಅದು. 'ಮೊದಲು ಬ್ಯಾಗ್ ಜಾಗಕ್ಕೆ, ಆಮೇಲೆ ಸೈಕಲ್.' ಇದು ಲಂಚವಲ್ಲ, ದಿನದ ಕ್ರಮ. ಸೈಕಲ್ ಹೇಗಿದ್ದರೂ ಇದ್ದೇ ಇತ್ತು. ನೀವು ಮಾಡಿದ್ದು ಹಿಂದುಮುಂದು ಜೋಡಿಸಿದ್ದು ಮಾತ್ರ.

ಲಂಚ ಯಾವುದು ಹಾಗಾದರೆ? ಮಗು ನೆಲದ ಮೇಲೆ ಬಿದ್ದು ಹೊರಳಾಡುತ್ತಿರುವಾಗ, ಅದು ನಿಲ್ಲಲಿ ಅಂತ ಕೊಡುವುದೆಲ್ಲ ಲಂಚ. ಅದು ಆಟಿಕೆಯೇ ಆಗಬೇಕಿಲ್ಲ. 'ಅಳು ನಿಲ್ಲಿಸು, ಎರಡು ಕಥೆ ಹೇಳ್ತೀನಿ' ಅಂದರೂ ಅಷ್ಟೇ. ಹೊರಳಾಡಿದರೆ ಏನೋ ಸಿಗುತ್ತದೆ ಅಂತ ಮಗು ಕಲಿಯುತ್ತದೆ.

ಹಂತ 5: ಬೇಕಿದ್ದರೆ ಒಂದು ಕಲ್ಲಿನ ಜಾಡಿ

ಮಾತು ಮತ್ತು ಸಮಯದಿಂದಲೇ ಆಗುತ್ತಿದ್ದರೆ ಈ ಹಂತ ಬೇಡ. ಆದರೆ ಹಲ್ಲುಜ್ಜುವುದು, ಬೆಳಗ್ಗೆ ತಾನೇ ರೆಡಿಯಾಗುವುದು, ಇಂಥ ಬೇಜಾರಿನ ಕೆಲಸಗಳು ಶುರುವಿನಲ್ಲಿ ಒಂದು ತಳ್ಳು ಕೇಳುತ್ತವೆ. ಮಗುವಿಗೆ ಮೊದಲಿನಿಂದಲೂ ಇಷ್ಟವಿಲ್ಲದ ಕೆಲಸವಾದ್ದರಿಂದ, ಚಿತ್ರದ ಪ್ರಯೋಗದಲ್ಲಿ ಆದಂತೆ ಇಷ್ಟ ಕಳೆದುಹೋಗುವ ಭಯವೂ ಇಲ್ಲಿ ಕಮ್ಮಿ. ನಾಲ್ಕರಿಂದ ಎಂಟು ವರ್ಷದವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಒಂದು ಸಣ್ಣ ಗಾಜಿನ ಜಾಡಿ ತೆಗೆದುಕೊಳ್ಳಿ. ಮಗುವಿನ ಜೊತೆ ಹೊರಗೆ ಹೋಗಿ ನುಣುಪಾದ ಕಲ್ಲು ಆರಿಸಿ ತನ್ನಿ. ಅಂಗಿಯ ಗುಂಡಿಗಳೂ ಆಗುತ್ತವೆ, ಹುಣಸೆ ಬೀಜವೂ ಆಗುತ್ತದೆ. ಜಾಡಿ ಚಿಕ್ಕದಿರಲಿ, ನಾಲ್ಕು ವರ್ಷದವರಿಗೆ ಮೂರು ದಿನದಲ್ಲಿ, ಏಳು ವರ್ಷದವರಿಗೆ ಒಂದು ವಾರದಲ್ಲಿ ತುಂಬುವಷ್ಟು. ತಿಂಗಳು ಕಾಯಬೇಕಾದ ಜಾಡಿ ಚಿಕ್ಕ ಮಗುವಿಗೆ ಎಂದೂ ತುಂಬದ ಜಾಡಿ.

ತುಂಬಿದಾಗ ಏನು ಮಾಡಬೇಕು ಅಂತ ಮಗುವಿನ ಜೊತೆ ಕೂತು ಚೀಟಿ ಬರೆಯಿರಿ. ಹಂತ 4ರಲ್ಲಿ ಹೇಳಿದಂಥವು. ಚೀಟಿಗಳನ್ನು ಮಡಚಿ ಒಂದು ಡಬ್ಬಿಯಲ್ಲಿ ಹಾಕಿಡಿ. ಜಾಡಿ ತುಂಬಿದಾಗ ಒಂದು ಚೀಟಿ ಎತ್ತುವುದು. ಯಾವುದು ಬರುತ್ತದೆ ಅಂತ ಗೊತ್ತಿಲ್ಲದ್ದರಿಂದ ಚೌಕಾಸಿಯೂ ಇಲ್ಲ. ನೀವು ನಡೆಸಲಾಗದ ಚೀಟಿಯನ್ನು ಮಾತ್ರ ಬರೆಯಲೇಬೇಡಿ. ಎತ್ತಿದ ಚೀಟಿಯನ್ನು ನಾಳೆ ನಾಡಿದ್ದು ಅಂತ ಮುಂದೂಡಿದರೆ ಇಡೀ ಜಾಡಿಯೇ ಸುಳ್ಳಾಗುತ್ತದೆ.

ಕಲ್ಲು ಹಾಕುವಾಗ ಹಂತ 2ರ ಮಾತು ಜೊತೆಗಿರಲೇಬೇಕು. ಮಾತಿಲ್ಲದೆ ಟಣ್ ಅಂತ ಕಲ್ಲು ಹಾಕಿದರೆ ಅದೂ ಕೂಲಿಯೇ.

ಒಮ್ಮೆ ಹಾಕಿದ ಕಲ್ಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಮಧ್ಯಾಹ್ನ ಮಾಡಿದ ತಂಟೆ ಬೆಳಗ್ಗೆ ಮಾಡಿದ ಒಳ್ಳೆಯದನ್ನು ಅಳಿಸುವುದಿಲ್ಲ. ಇಬ್ಬರು ಮಕ್ಕಳಿದ್ದರೆ ಒಂದೇ ಜಾಡಿ ಇಡಿ, ಇಬ್ಬರೂ ಸೇರಿ ತುಂಬಲಿ. ಎರಡು ಜಾಡಿ ಅಕ್ಕಪಕ್ಕ ಇಟ್ಟ ಮನೆಯಲ್ಲಿ ಮಕ್ಕಳು ತಮ್ಮ ಜಾಡಿಗಿಂತ ಪಕ್ಕದ ಜಾಡಿಯನ್ನೇ ಜಾಸ್ತಿ ನೋಡುತ್ತಾರೆ.

ಬಹುಮಾನ ಮಾಡಬಾರದ ಕೆಲವು

ತಿಂಡಿ. ಲಿಯಾನ್ ಬರ್ಚ್ ಮತ್ತು ಸಂಗಡಿಗರು 1980ರಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಲ್ಲಿ ತೋರಿಸಿದ್ದೇನೆಂದರೆ, ಯಾವ ತಿನಿಸನ್ನು ಬಹುಮಾನವಾಗಿ ಕೊಡುತ್ತೇವೋ ಅದರ ಮೇಲಿನ ಆಸೆ ಹೆಚ್ಚುತ್ತದೆ. ಸಿಹಿ ತಿಂಡಿಯನ್ನು ಬಹುಮಾನ ಮಾಡಿದರೆ ಸಿಹಿಯ ಬೆಲೆಯನ್ನು ನಾವೇ ಏರಿಸಿದ ಹಾಗೆ.

ಫೋನು, ಟಿವಿ. ಇದಕ್ಕೆ ಮನೆಯಲ್ಲಿ ಒಂದು ಗೊತ್ತಾದ ಹೊತ್ತು ಇರಲಿ. ನಡತೆ ಚೆನ್ನಾಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದನ್ನು ಮನೆಯ ಅತಿ ದೊಡ್ಡ ಬಹುಮಾನ ಮಾಡಿಬಿಟ್ಟರೆ ಉಳಿದೆಲ್ಲವೂ ಅದರ ಮುಂದೆ ಸಣ್ಣದಾಗುತ್ತದೆ.

ಅಪ್ಪುಗೆ, ಮುತ್ತು, ಪ್ರೀತಿ. ಖುಷಿಯಾದಾಗ ಅಪ್ಪಿಕೊಳ್ಳಿ, ಖಂಡಿತ. ಆದರೆ 'ಹೀಗೆ ಮಾಡಿದರೆ ಅಮ್ಮಂಗೆ ನೀನು ಇಷ್ಟ' ಅನ್ನುವ ಮಾತು ಯಾವತ್ತೂ ಬೇಡ. ತಪ್ಪು ಮಾಡಿದ ದಿನ ಆ ಮಗು ರಾತ್ರಿ ಮಲಗಿ ಏನು ಯೋಚಿಸಬಹುದು ಅಂತ ನೆನೆಸಿದರೆ ನನಗೆ ಹೊಟ್ಟೆ ತೊಳಸುತ್ತದೆ.

ಬಹುಮಾನವೇ ಬೇಡದ ಜಾಗಗಳು

ಮಗು ತಾನಾಗಿ ಖುಷಿಯಿಂದ ಮಾಡುವುದಕ್ಕೆ ಏನನ್ನೂ ಕಟ್ಟಬೇಡಿ. ಓದುವುದು, ಚಿತ್ರ ಬರೆಯುವುದು, ಹಾಡುವುದು. ಸಹಾಯ ಮಾಡುವುದೂ ಇದರಲ್ಲಿ ಸೇರಿದೆ ಅಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರ ಕೈಯಿಂದ ಜಾರಿ ಬಿದ್ದ ವಸ್ತುವನ್ನು ಎತ್ತಿಕೊಟ್ಟ ಮಕ್ಕಳಲ್ಲಿ ಕೆಲವರಿಗೆ ಪ್ರತಿ ಸಲ ಒಂದು ಆಟದ ವಸ್ತು ಕೊಟ್ಟರು. ಆ ಮಕ್ಕಳೇ ಮುಂದಿನ ಸುತ್ತಿನಲ್ಲಿ ಕಡಿಮೆ ಸಹಾಯ ಮಾಡಿದರು. ಬರೀ ಹೊಗಳಿಕೆ ಪಡೆದವರು, ಏನೂ ಪಡೆಯದವರು ಮೊದಲಿನಂತೆಯೇ ಎತ್ತಿಕೊಡುತ್ತಿದ್ದರು.

ಎರಡು ವರ್ಷವೂ ತುಂಬದ ಕೂಸಿಗೆ ಸಹಾಯ ಮಾಡುವ ಆಸೆ ಹುಟ್ಟಿನಿಂದಲೇ ಇದ್ದ ಹಾಗಿದೆ. ಅದನ್ನು ನಾವು ಕೊಂಡು ಹಾಳು ಮಾಡುವುದು ಬೇಡ. "ನೀನು ಇನ್ನೊಂದು ತುದಿ ಹಿಡ್ಕೊಂಡಿದ್ದಕ್ಕೆ ಬೆಡ್‌ಶೀಟ್ ಮಡಚೋದು ಬೇಗ ಆಯ್ತು, ಥ್ಯಾಂಕ್ಸ್ ಕಂದಾ" ಅಂದರೆ ಸಾಕು.

ಹಂತ 6: ಶುರುವಿನ ದಿನಗಳನ್ನು ದಾಟುವುದು

ಇದುವರೆಗೆ ಆಟಿಕೆ ಸಿಗುತ್ತಿದ್ದ ಮಗು ಮೊದಲ ವಾರ ಖಂಡಿತ ಕೇಳುತ್ತದೆ. "ಬರೀ ಕಥೇನಾ? ಕಾರು ಇಲ್ವಾ?" ಅಂತ ಅಳಬಹುದು. ಉಪದೇಶ ಮಾಡಬೇಡಿ, ಬೈಯಲೂ ಬೇಡಿ. "ಕಾರು ಸಿಗುತ್ತೆ ಅಂದ್ಕೊಂಡಿದ್ದೆ, ಬೇಜಾರಾಯ್ತು ಅಲ್ವಾ. ಇನ್ಮೇಲೆ ನಾವು ಬೇರೆ ತರ ಮಾಡ್ತೀವಿ. ಬಾ, ಚೀಟಿ ಬರೆಯೋಣ." ಹೇಳಿದ್ದನ್ನೇ ಮೆಲ್ಲಗೆ ಮತ್ತೆ ಹೇಳಿ. ಆಟಿಕೆ ಪೂರ್ತಿ ನಿಷೇಧವಲ್ಲ ಅನ್ನುವುದೂ ಮಗುವಿಗೆ ತಿಳಿಯಲಿ. ಹುಟ್ಟುಹಬ್ಬಕ್ಕೆ ಉಡುಗೊರೆ ಇದ್ದೇ ಇರುತ್ತದೆ. ನಡತೆಯ ಜೊತೆಗಿನ ಗಂಟನ್ನು ಮಾತ್ರ ಬಿಚ್ಚುತ್ತಿದ್ದೀರಿ.

ಮನೆಯ ಉಳಿದವರಿಗೂ ಮೊದಲೇ ಹೇಳಿ. ಅಜ್ಜ ಅಜ್ಜಿಗೆ ಮೊಮ್ಮಗುವಿನ ಕೈಗೆ ಏನಾದರೂ ಇಡುವುದೇ ಒಂದು ಸಂತೋಷ. ಅದನ್ನು ಕಿತ್ತುಕೊಳ್ಳದೆ, ದಾರಿ ಬದಲಿಸಿ. "ಮಾವ, ಅವಳಿಗೆ ನೀವು ಚಿಕ್ಕವರಿದ್ದಾಗಿನ ಕಥೆ ಹೇಳಿ, ಅದೇ ಬಹುಮಾನ ಅಂತ ಕೇಳ್ತಾ ಇದಾಳೆ" ಅಂದರೆ ಯಾವ ಅಜ್ಜ ಬೇಡ ಅಂದಾರು?

ಎರಡು ವಾರವಾದರೂ ಏನೂ ಬದಲಾಗದಿದ್ದರೆ, ಮಗುವನ್ನು ದೂರುವ ಮುಂಚೆ ಆರಿಸಿಕೊಂಡ ಅಭ್ಯಾಸವನ್ನು ನೋಡಿ. ಬಹುಪಾಲು ಅದು ತುಂಬಾ ದೊಡ್ಡದಾಗಿರುತ್ತದೆ. 'ಕೋಣೆ ಚೊಕ್ಕಟ ಮಾಡು' ಅನ್ನುವುದನ್ನು 'ನೆಲದ ಮೇಲಿರೋ ಬಟ್ಟೆ ಬುಟ್ಟಿಗೆ ಹಾಕು' ಅಂತ ಒಡೆಯಿರಿ. ಮಗುವಿಗೆ ನಿದ್ದೆ ಸಾಕಾಗುತ್ತಿದೆಯಾ, ಶಾಲೆಯಲ್ಲಿ ಏನಾದರೂ ನೋವಾಗಿದೆಯಾ ಅಂತಲೂ ಕೇಳಿ ನೋಡಿ. ಹೊಡೆಯುವುದು, ತನಗೇ ಗಾಯ ಮಾಡಿಕೊಳ್ಳುವುದು, ವಾರಗಟ್ಟಲೆ ಮಂಕಾಗಿರುವುದು ಇದ್ದರೆ ಜಾಡಿ ಬದಿಗಿಟ್ಟು ಮಕ್ಕಳ ವೈದ್ಯರನ್ನು ಕಾಣಿ.

ಹಂತ 7: ಬಿಡಿಸಿಕೊಳ್ಳುವುದು

ಅಭ್ಯಾಸ ಕೂತಿದೆ ಅನ್ನಿಸಿದ ಮೇಲೆ ಕಲ್ಲನ್ನು ವಿರಳ ಮಾಡಿ. ಪ್ರತಿ ಸಲದ ಬದಲು ಎರಡು ಸಲಕ್ಕೊಮ್ಮೆ, ಆಮೇಲೆ ಯಾವಾಗಲೋ ಒಮ್ಮೆ. ಒಮ್ಮೆಲೇ ನಿಲ್ಲಿಸಿದರೆ ಮಗುವಿಗೆ ಮೋಸವಾದಂತೆ ಅನ್ನಿಸುತ್ತದೆ. ಕಲ್ಲು ಕಮ್ಮಿಯಾಗಲಿ, ಮಾತು ಕಮ್ಮಿಯಾಗುವುದು ಬೇಡ. ಎಷ್ಟು ದಿನ ಬೇಕು ಅಂತ ಕೇಳುವವರಿಗೆ: ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ದೊಡ್ಡವರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ಬರಲು ಹಿಡಿದದ್ದು ಸಾಮಾನ್ಯವಾಗಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವೇನೂ ಆಗಲಿಲ್ಲ. ದೊಡ್ಡವರಿಗೇ ಇಷ್ಟು ಬೇಕಾದರೆ ಮಕ್ಕಳಿಗೆ ನಾವು ಒಂದು ವಾರದ ಗಡುವು ಹಾಕುವುದು ಸರಿಯಲ್ಲ.

ಒಂದು ದಿನ ಜಾಡಿ ಅರ್ಧ ತುಂಬಿದ್ದ ಹಾಗೇ ಕಪಾಟಿನ ಮೇಲೆ ಉಳಿದುಬಿಡುತ್ತದೆ. ನಮ್ಮ ಮನೆಯಲ್ಲಿ ಹಾಗಾದದ್ದು ಶುರು ಮಾಡಿ ಮೂರು ತಿಂಗಳಿಗೆ. ಪುಸ್ತಕಗಳು ದಿನಾ ಜಾಗಕ್ಕೆ ಹೋಗುತ್ತಿದ್ದವು, ಕಲ್ಲು ಯಾರೂ ಕೇಳುತ್ತಿರಲಿಲ್ಲ. ನಿಮ್ಮಲ್ಲೂ ಆ ದಿನ ಬಂದಾಗ ಮಗುವಿಗೆ ಜಾಡಿಯನ್ನು ನೆನಪಿಸಬೇಡಿ. ಅದರ ಮೇಲಿನ ಧೂಳು ಒರೆಸಿ ಅಲ್ಲೇ ಇಡಿ. ಮಗು ತಾನಾಗಿ ಕೇಳಿದರೆ ಮಾತ್ರ ಕೆಳಗಿಳಿಸಿ, ಒಂದು ಚೀಟಿ ಎತ್ತಿಸಿ.